ಹಿತ್ತಲ ಬಾಗಿಲಿನ ಅಗುಳಿ

ದಾಸನ್ ಕೇರಿಯ ರುಮೇನಾಳ ಅನ್ನ ಹುಟ್ಟುತ್ತಿದ್ದದ್ದು ಬೇರೆಯವರ ಮದುವೆಗಳಲ್ಲಿ. ಲೊಂಬೋಕ್ ದ್ವೀಪದ ನಡುಭಾಗದಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಮದುವೆಗಳಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ತಗಡಿನ ಪೆಟ್ಟಿಗೆಯನ್ನು ಕಂಕುಳಿಗೇರಿಸಿಕೊಂಡು ಹೊರಟಳೆಂದರೆ ಯಾರದೋ ಮನೆಯ ಹುಡುಗಿಯ ಹುಬ್ಬು ತಿದ್ದುವುದು, ಮುಡಿಗೆ ತಗಡಿನ ಹೂಗಳನ್ನು ಸಿಕ್ಕಿಸುವುದು, ಜರಿಬಟ್ಟೆಯನ್ನು ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿಯುವುದು, ಆಮೇಲೆ ಮೆರವಣಿಗೆಯ ಉದ್ದಕ್ಕೂ ಅವಳ ಪಕ್ಕದಲ್ಲೇ ನಡೆಯುತ್ತ ಬೆವರೊರೆಸುವುದು.

ಅವಳಿಗೆ ಇಪ್ಪತ್ತಾರು ತುಂಬಿತ್ತು. "ಊರ ಹುಡುಗೀರಿಗೆಲ್ಲ ಹೂ ಮುಡಿಸ್ತೀಯ, ನಿನ್ನ ತಲೆ ಮಾತ್ರ ಬೋಳು ಗುಡ್ಡ," ಎಂದು ಅಡುಗೆಮನೆಯ ಹೆಂಗಸರು ಬಾಳೆದಿಂಡು ಹೆಚ್ಚುತ್ತ ರೇಗಿಸುತ್ತಿದ್ದರು.

"ನನ್ನ ಹೂವಿನ್ನೂ ಅಂಗಡೀಲೇ ಇದೆ ಕಣ್ರೇ," ಎನ್ನುತ್ತಿದ್ದಳು ರುಮೇನಾ.

ಅಂಗಡಿಯಲ್ಲೇನೂ ಇರಲಿಲ್ಲ. ಹೂವು ಅವಳ ಹಿಂದೆಯೇ, ಹತ್ತು ಮಾರು ದೂರದಲ್ಲಿ ಡೋಲು ಬಾರಿಸುತ್ತ ಬರುತ್ತಿತ್ತು. ಮೊಂಟೋಂಗ್ ಕೇರಿಯ ಜುಮಹೀರ್ ವಾರವಿಡೀ ರಸ್ತೆಬದಿಯಲ್ಲಿ ಪಂಕ್ಚರ್ ಹಾಕುವವನು, ಭಾನುವಾರ ಮಾತ್ರ ಮೆರವಣಿಗೆಯ ಬ್ಯಾಂಡಿನಲ್ಲಿ ದೊಡ್ಡ ಡೋಲಿನವನು. ಮದುವೆಯಾದ ಮೇಲೆ ಗಂಡಿನ ಕಡೆಯವರು ಜೋಡಿಯನ್ನು ಹೆಣ್ಣಿನ ತವರಿಗೆ ನಡೆಸಿಕೊಂಡು ಬರುವ ಮೆರವಣಿಗೆ ಅದು. ಮಧ್ಯಾಹ್ನದ ಬಿಸಿಲು, ಕಾದ ಟಾರು, ಎರಡೂ ಕಡೆ ಹಾರನ್ ಬಡಿಯುವ ಲಾರಿಗಳು. ಬರಿಗಾಲಲ್ಲಿ ನಡೆಯುವ ಮದುವಣಗಿತ್ತಿಯರು ಬವಳಿ ಬಂದು ಬೀಳುವುದು ಅಲ್ಲಿ ಮಾಮೂಲಿ. ಬೀಳುವ ಮುಂಚೆ ಹಿಡಿದುಕೊಳ್ಳುವುದೂ ರುಮೇನಾಳ ಕೆಲಸವೇ.

ಒಂದು ವರ್ಷ ಅವಳು ಒಂದು ವಿಚಿತ್ರ ಗಮನಿಸಿದಳು. ಮದುವಣಗಿತ್ತಿಯ ಕಾಲು ಎಳೆಯತೊಡಗಿದಾಗಲೆಲ್ಲ ಈ ಮನುಷ್ಯನ ಡೋಲಿನ ಚರ್ಮ ಸಡಿಲವಾಗುತ್ತಿತ್ತು. "ನಿಲ್ಸೀ, ನಿಲ್ಸೀ, ಹಗ್ಗ ಬಿಗೀಬೇಕು!" ಎಂದು ಕೂಗಿ ಮೆರವಣಿಗೆಯನ್ನೇ ನಿಲ್ಲಿಸುತ್ತಿದ್ದ. ಸಡಿಲವಾಗುತ್ತಿದ್ದದ್ದು ಯಾವಾಗಲೂ ಯಾವುದೋ ದೊಡ್ಡ ಮರದ ನೆರಳಿನಲ್ಲಿ.

"ನಿನ್ನ ಡೋಲಿಗೆ ಬಿಸಿಲು ಆಗಲ್ವಾ?" ಎಂದು ಒಂದು ದಿನ ಕೇಳಿದಳು.

"ಬಹಳ ನಾಜೂಕು ಅದು," ಎಂದ ಜುಮಹೀರ್, ಬಿಗಿಯಾಗಿಯೇ ಇದ್ದ ಹಗ್ಗವನ್ನು ಮತ್ತೆ ಬಿಗಿಯುತ್ತ. "ನೀನು ನಿನ್ನ ಚಪ್ಪಲಿ ತೆಗೆದು ಆ ಹುಡುಗಿಗೆ ಕೊಟ್ಯಲ್ಲ, ನಿನ್ನ ಕಾಲಿಗೆ ಬಿಸಿಲು ಆಗುತ್ತಾ?"

ಪ್ರೀತಿ ಶುರುವಾದದ್ದು ಹೀಗೆ. ಮುಂದಿನ ಎರಡು ವರ್ಷ ಅದು ಬೆಳೆದದ್ದೂ ಬೇರೆಯವರ ಮದುವೆಯ ಹಿತ್ತಲುಗಳಲ್ಲಿ, ಬಾಳೆಲೆಯಲ್ಲಿ ಉಳಿದ ಅನ್ನ ಉಣ್ಣುತ್ತ, ಮುಂದಿನ ಭಾನುವಾರ ಯಾವ ಊರು ಎಂದು ಕೇಳಿಕೊಳ್ಳುತ್ತ.

ಮದುವೆ ಹೇಗೆ ಎಂಬುದರಲ್ಲಿ ಯೋಚಿಸುವಂಥದ್ದೇನೂ ಇರಬೇಕಾಗಿರಲಿಲ್ಲ. ಈ ಕೇರಿಗಳಲ್ಲಿ ಹೆಣ್ಣನ್ನು ಕೇಳುವುದಿಲ್ಲ, ಕದಿಯುತ್ತಾರೆ. ಹುಡುಗ ಹುಡುಗಿ ಮೊದಲೇ ಮಾತಾಡಿಕೊಂಡಿರುತ್ತಾರೆ. ಒಂದು ರಾತ್ರಿ ಹುಡುಗಿ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಹುಡುಗನ ನೆಂಟರ ಮನೆಯಲ್ಲಿ ಅಡಗಿ ಕೂರುತ್ತಾಳೆ. ಎರಡು-ಮೂರು ದಿನದೊಳಗೆ ಆ ಕೇರಿಯ ಹಿರಿಯರು ಬಂದು, ನಿಮ್ಮ ಮಗಳು ನಮ್ಮಲ್ಲಿದ್ದಾಳೆ ಎಂದು ತಿಳಿಸುತ್ತಾರೆ. ಏನೂ ಅರಿಯದ ಅಪ್ಪ ಬೆಚ್ಚಿಬೀಳಬೇಕು, ಸ್ವಲ್ಪ ಗುಡುಗಬೇಕು, ಆಮೇಲೆ ಕಾಫಿ ತರಿಸಬೇಕು. ಕದ್ದರೆ ಹೆಣ್ಣಿಗೆ ಬೆಲೆ, ಅಪ್ಪನಿಗೆ ಮರ್ಯಾದೆ. ಮನೆಗೆ ಬಂದು ಕೇಳಿದರೆ ಇಬ್ಬರಿಗೂ ಅವಮಾನ.

ಮೊದಲೇ ಮಾತಾಡಿಕೊಂಡಿರುತ್ತಾರೆ ಎನ್ನುವುದು ಹಿರಿಯರು ಹೇಳುವ ಮಾತು. ಮಾತಾಡಿಕೊಂಡಿರದಿದ್ದರೆ ಏನು ಎಂಬುದನ್ನು ಹಿರಿಯರು ಹೇಳುವುದಿಲ್ಲ. ರಾತ್ರಿ ಹೊರಗುಳಿದ ಹುಡುಗಿಯನ್ನು ಮನೆಗೆ ಕರೆತಂದರೆ ಕೇರಿಯ ಮಾನ ಹೋಗುತ್ತದಂತೆ. ಆ ಮಾನವನ್ನು ಹೊರಲಿಕ್ಕೆ ಗಟ್ಟಿ ಹೆಗಲಿನ ಗಂಡಸು ಒಬ್ಬನೂ ಸಿಗುವುದಿಲ್ಲ, ಹುಡುಗಿಯ ಹೆಗಲೇ ಬೇಕು.

ಅಂಥ ಒಂದು ಹೆಗಲಿಗೆ ರುಮೇನಾ ಜರಿಬಟ್ಟೆ ಹೊದಿಸಿದ್ದಳು. ಹದಿನೈದರ ಹುಡುಗಿ. ಸಿನಿಮಾಕ್ಕೆ ಹೋಗೋಣ ಬಾ ಎಂದು ಕರೆದೊಯ್ದವನು ಮನೆಗೆ ಬಿಟ್ಟಿರಲಿಲ್ಲ. ಹುಬ್ಬು ತಿದ್ದುವಾಗ ಕದಲದೆ ಕೂತಿದ್ದ ಮಗು ಕನ್ನಡಿಯಲ್ಲಿ ರುಮೇನಾಳನ್ನೇ ನೋಡುತ್ತ, "ಅಕ್ಕಾ, ಸೋಮವಾರ ನಂಗೆ ಪರೀಕ್ಷೆ ಇದೆ. ಬಿಡ್ತಾರಾ?" ಎಂದು ಕೇಳಿತ್ತು. ಅವತ್ತು ಮರದ ನೆರಳಲ್ಲಿ ಡೋಲು ಎಷ್ಟು ಸಲ ಸಡಿಲವಾದರೂ ಪ್ರಯೋಜನವಾಗಲಿಲ್ಲ. ಹುಡುಗಿಗೆ ಆಯಾಸವಾಗಿರಲಿಲ್ಲ. ಅವಳಿಗೆ ಮನೆಗೆ ಹೋಗಬೇಕಿತ್ತು, ಅಷ್ಟೆ.

ಅದೇ ತಿಂಗಳು ಸುತ್ತಣ ಕೇರಿಗಳ ಯಜಮಾನರೆಲ್ಲ ಸಭೆ ಸೇರಿದರು. ಒಂದಿಡೀ ಮಧ್ಯಾಹ್ನ ಚರ್ಚೆ ನಡೆಯಿತು. ಬ್ಯಾಂಡಿನಲ್ಲಿ ಹಾಡುವ ಹೆಂಗಸಿನ ಲಂಗ ಮೊಣಕಾಲಿನಿಂದ ಎಷ್ಟು ಕೆಳಗಿರಬೇಕು ಎಂಬುದು ವಿಷಯ. ತೀರ್ಮಾನವೂ ಆಯಿತು. ಪರೀಕ್ಷೆಯ ವಿಷಯ ಯಾರೂ ಎತ್ತಲಿಲ್ಲ.

"ನಂದು ಹಿಂಗಾಗಬಾರ್ದು," ಎಂದಳು ರುಮೇನಾ ಅವನಿಗೆ.

"ನಿಂದು ಹ್ಯಾಗೆ ಹಂಗಾಗುತ್ತೆ? ನೀನು ಒಪ್ಪಿದೀಯ. ನಾನೇನು ಎಳ್ಕೊಂಡು ಹೋಗ್ತೀನಾ?"

"ನಾನು ಒಪ್ಪಿದೀನಿ ಅಂತ ನಿಂಗೊಬ್ಬನಿಗೆ ಗೊತ್ತು. ಕತ್ತಲಲ್ಲಿ ಹಿತ್ತಲಿಂದ ಹೋದ್ರೆ ಆ ಹುಡುಗಿಗೂ ನಂಗೂ ಏನು ವ್ಯತ್ಯಾಸ ಕಾಣುತ್ತೆ, ಹೇಳು. ನಾನು ಹಗಲಲ್ಲಿ, ಮುಂಬಾಗಿಲಿಂದ ಹೋಗ್ತೀನಿ. ನೀನು ಬಂದು ನಮ್ಮಪ್ಪನ್ನ ಕೇಳ್ಬೇಕು."

"ನಿಮ್ಮಪ್ಪನ ಕೈಲಿ ಚಾವಟಿ ಇರುತ್ತೆ," ಎಂದ ಜುಮಹೀರ್.

ಆಮೇಲೆ ಇಬ್ಬರೂ ಕೂತು ತಮ್ಮ ಮದುವೆಯನ್ನು ಯೋಜಿಸಿದರು. ಬೇರೆಯವರದನ್ನು ಅಷ್ಟೊಂದು ನೋಡಿದ್ದರಿಂದ ಏನು ಬೇಡ ಎಂಬುದು ಸಲೀಸಾಗಿ ಹೊಳೆಯಿತು. ಮಧ್ಯಾಹ್ನದ ಮೆರವಣಿಗೆ ಬೇಡ, ಇಳಿಹೊತ್ತಿನಲ್ಲಿ ಹೊರಡುವುದು. ಅವಳ ಕಾಲಿಗೆ ಚಪ್ಪಲಿ ಇರಬೇಕು, ಯಾರು ನಕ್ಕರೂ ಸರಿ. ಅವನ ಡೋಲನ್ನು ಅವತ್ತು ಬೇರೆ ಯಾರಾದರೂ ಬಾರಿಸಬೇಕು, ಆದರೆ ನೆರಳಿನಲ್ಲಿ ನಿಲ್ಲಿಸುವ ಗುಟ್ಟನ್ನು ಅವನಿಗೆ ಹೇಳಿಕೊಡಬೇಕು. ಅವಳ ಹುಬ್ಬನ್ನು ಅವಳೇ ತಿದ್ದಿಕೊಳ್ಳುತ್ತಾಳೆ. ಇನ್ನೊಂದು ವಿಷಯ ಮಾತ್ರ ಅವರ ಕೈಯಲ್ಲಿರಲಿಲ್ಲ. ಮಗಳನ್ನು ನಿನಗೆ ಕೊಟ್ಟೆ ಎಂದು ಗಂಡಿನ ಕೈಹಿಡಿದು ಹೇಳಬೇಕಾದವನು ಅಪ್ಪ. ಅಪ್ಪ ಬರದಿದ್ದರೆ ಬದಲಿಗೆ ಇನ್ನೊಬ್ಬರನ್ನು ಕೂರಿಸಿ ಮುಗಿಸುವುದುಂಟು. ಅಂಥ ಮದುವಣಗಿತ್ತಿಯರ ಕಣ್ಣಿಗೆ ಕಾಡಿಗೆ ನಿಲ್ಲುವುದಿಲ್ಲವೆಂದು ರುಮೇನಾಳಷ್ಟು ತಿಳಿದವರಿಲ್ಲ. ಅವಳಿಗೆ ಅಪ್ಪನೇ ಬೇಕಿತ್ತು.

ಅಪ್ಪನನ್ನು ಊರೆಲ್ಲ ಕರೆಯುತ್ತಿದ್ದದ್ದು ಅಮಾಕ್ ರುಮೇನಾ ಎಂದು, ಅಂದರೆ ರುಮೇನಾಳ ಅಪ್ಪ. ಮೊದಲ ಮಗು ಹುಟ್ಟಿದ ದಿನವೇ ಇಲ್ಲಿ ಅಪ್ಪ ಅವ್ವ ಇಬ್ಬರ ಹೆಸರೂ ಸವೆದುಹೋಗುತ್ತದೆ. ಅವ್ವ ಇನಾಕ್ ರುಮೇನಾ. ಅಪ್ಪ ಸಂತೆಗೆ ಜಟಕಾ ಹೊಡೆಯುವವನು. ಮೋಟಾರು ಬೈಕುಗಳು ಬಂದು ಗಿರಾಕಿಗಳೆಲ್ಲ ಕರಗಿದರೂ ಕೆಂಪು ಕುದುರೆಯನ್ನು ಮಾರಿರಲಿಲ್ಲ.

ಜುಮಹೀರ್ ಒಂದು ಶುಕ್ರವಾರ ಪ್ರಾರ್ಥನೆ ಮುಗಿಸಿ, ಇಸ್ತ್ರಿ ಮಾಡಿದ ಲುಂಗಿಯುಟ್ಟು, ಹಗಲುಹೊತ್ತಿನಲ್ಲಿ ಮುಂಬಾಗಿಲಿಗೆ ಬಂದ. ಅಪ್ಪ ಕುದುರೆಯ ಮೈ ತಿಕ್ಕುತ್ತಿದ್ದ. ಅಂಗಳದ ನಾಲ್ಕು ಕಂಬದ ಹುಲ್ಲುಮಾಡಿನ ಕಟ್ಟೆಯ ಮೇಲೆ ಕೂರಿಸಿದ. ಕಾಫಿ ಬಂತು. ಅರ್ಧ ಲೋಟ ಖಾಲಿಯಾಗುವವರೆಗೆ ಮಾತೆಲ್ಲ ಟೈರಿನ ಮೇಲಿತ್ತು.

"ಅಮಾಕ್," ಎಂದ ಜುಮಹೀರ್, ಲೋಟ ಕೆಳಗಿಟ್ಟು. "ರುಮೇನಾನ ನಂಗೆ ಕೊಡ್ತೀರಾ ಅಂತ ಕೇಳೋಕೆ ಬಂದೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ರುಮೇನಾಳಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು.

"ಏನಂದೆ? ಕೊಡ್ತೀರಾ ಅಂತನಾ? ಏನು, ಕೋಳಿಮರಿ ಕೇಳೋಕೆ ಬಂದಿದೀಯಾ?"

"ಹಂಗಲ್ಲ ಅಮಾಕ್..."

"ನನ್ನ ಮಗಳನ್ನ ಕದ್ಕೊಂಡು ಹೋಗೋಕೆ ನಿಂಗೆ ಎರಡು ಕಾಲಿಲ್ವಾ? ಧೈರ್ಯ ಇಲ್ವಾ? ಇಲ್ಲಾ ಅವಳೇನು ಕದಿಯೋಕೂ ಲಾಯಕ್ಕಿಲ್ಲ ಅಂತನಾ?" ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನಾನೇನು ಕುರುಡನಾ? ಎರಡು ವರ್ಷದಿಂದ ಗೊತ್ತು ನಂಗೆ. ಹೋದ ಮಳೆಗಾಲದಿಂದ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಲ್ಲ ಕಣಯ್ಯಾ! ಬರ್ತಾನೆ, ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ. ನೀನು ಬರ್ಲಿಲ್ಲ. ಕಾಡುಬೆಕ್ಕು ಬಂತು. ಎರಡು ಹುಂಜ ಹೊತ್ಕೊಂಡು ಹೋಯ್ತು. ಅದಕ್ಕಿರೋ ಗಂಡಸ್ತನ ನಿಂಗಿಲ್ಲ!"

ಜುಮಹೀರ್ ತಲೆ ತಗ್ಗಿಸಿದ. ಅಪ್ಪ ಖಾಲಿಯಾಗದ ಲೋಟವನ್ನು ಎತ್ತಿ ಕಾಫಿಯನ್ನು ಅಂಗಳಕ್ಕೆ ಚೆಲ್ಲಿದ.

"ನೀನು ಬಂದಿಲ್ಲ. ನಾನು ಕೇಳಿಸ್ಕೊಂಡಿಲ್ಲ. ಎದ್ದು ಹೋಗು. ಯಾವತ್ತಾದ್ರೂ ಕತ್ತಲಾದ ಮೇಲೆ ಬಾ."

ರುಮೇನಾ ಹೊರಬಂದಳು. "ಕರೆಸಿದ್ದು ನಾನು, ಅಮಾಕ್. ನಾನು ಹಿತ್ತಲಿಂದ ಹೋಗಲ್ಲ."

"ಮುಂಬಾಗಿಲಿಂದ ಕಳಿಸಿಕೊಡೋಕೆ ನಂಗಾಗಲ್ಲ. ಯಾರಿಗೂ ಬೇಡದವಳನ್ನ ಅಪ್ಪನೇ ದಾಟಿಸಿದ ಅಂತಾರೆ. ಹಂಗೆ ಹೋದ್ರೆ ಕೊಡೋ ಮಾತು ಆಡೋಕೆ ನಾನು ಬರಲ್ಲ. ಇನ್ಯಾರನ್ನಾದ್ರೂ ಕೂರಿಸ್ಕೊ."

ಒಂದು ಹಂಗಾಮು ಪೂರ್ತಿ ಮನೆ ಹಾಗೆಯೇ ನಡೆಯಿತು. ಜಗಳವಿಲ್ಲ, ಕೂಗಾಟವಿಲ್ಲ. ಅಪ್ಪ ಮಗಳು ಮಾತಾಡಬೇಕಾದ್ದನ್ನೆಲ್ಲ ಕುದುರೆಗೆ ಹೇಳುತ್ತಿದ್ದರು. "ಅನ್ನ ಆರ್ತಿದೆ ಅಂತ ಹೇಳು," ಎಂದು ರುಮೇನಾ ಕುದುರೆಯ ಮುಂದೆ ಹುಲ್ಲು ಹಾಕುತ್ತ ಅನ್ನುವಳು. "ಹಸಿವಿಲ್ಲ ಅಂತ ಹೇಳು," ಎಂದು ಅಪ್ಪ ಅದರ ಜೂಲು ಬಾಚುತ್ತ ಅನ್ನುವನು. ಹಿತ್ತಲ ಬಾಗಿಲು ಅಗುಳಿಯಿಲ್ಲದೆಯೇ ಇತ್ತು. ಹಠಕ್ಕೆ ಹಠ. ಹದಿಮೂರರ ತಂಗಿ ಮಹನಿ ಪ್ರತಿ ಸಂಜೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ ಮೇಲೆ ಒರಳುಕಲ್ಲು ಹೇರಿ, ಅಡುಗೆಮನೆಯ ದೀಪದಡಿ ಪಾಠ ಓದಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನೆರೆಯ ಅಮಾಕ್ ಸಹಬಾನ್ ಕಟ್ಟೆಗೆ ಬಂದು ಕೂತ. ಅಪ್ಪನ ಬಾಲ್ಯದ ಗೆಳೆಯ, ಬಾಯಿ ಸುಮ್ಮನಿರದವನು. "ಏನಯ್ಯಾ, ಮಗಳಿಗೆ ಕಳ್ಳ ಇನ್ನೂ ಸಿಕ್ಕಿಲ್ವಾ? ನಿನ್ನ ಕಾಲದಲ್ಲಿ ಇದ್ದಂಥ ಕಳ್ಳರು ಈಗೆಲ್ಲಿ!"

ಅಪ್ಪನಿಗೆ ಅಷ್ಟು ಸಾಕಿತ್ತು. ಊರಿಗೆ ನೂರು ಸಲ ಹೇಳಿದ ಕತೆಯನ್ನು ನೂರೊಂದನೆಯ ಸಲ ಬಿಚ್ಚಿದ. ಊರ ಚಿಲುಮೆಗೆ ನೀರಿಗೆ ಬಂದಿದ್ದ ಹುಡುಗಿ. ಹುಲ್ಲು ಹೇರಿದ ಗಾಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳನ್ನು ಎತ್ತಿ ಹುಲ್ಲಿನ ಹೊರೆಯೊಳಗೆ ಮುಚ್ಚಿ, ಅವಳಪ್ಪನ ಎದುರಿನಿಂದಲೇ, ಸಲಾಂ ಹೊಡೆದು ಗಾಡಿ ಓಡಿಸಿದ್ದು. "ಸಂತೇಮಾಳ ದಾಟೋವರೆಗೂ ಹುಲ್ಲೊಳಗೆ ಕಿಸಿಕಿಸಿ ನಗ್ತಿದ್ಲು ಕಣಯ್ಯಾ! ಆ ಸದ್ದು ಇನ್ನೂ ಕಿವೀಲಿದೆ."

ಅವ್ವ ಕಾಫಿ ತಂದವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಅವಳು ಮಾತು ಕಡಿಮೆಯವಳು. ಆ ಕತೆ ನಡೆಯುವಾಗ ನೂರು ಸಲವೂ ಕಾಫಿ ತಂದಿದ್ದಳು.

"ನಗ್ತಿರ್ಲಿಲ್ಲ," ಎಂದಳು. "ಹುಲ್ಲಿನ ಧೂಳಿಗೆ ಕೆಮ್ತಿದ್ದೆ."

ಸಹಬಾನ್ ಗಹಗಹಿಸಿ ನಕ್ಕ. ಅಪ್ಪನೂ ನಗಲು ಬಾಯಿ ತೆರೆದ. ಅವ್ವನ ಮುಖ ನೋಡಿ ಹಾಗೆಯೇ ಮುಚ್ಚಿದ.

"ನಂಗೆ ಇಷ್ಟಾನೇ ಇತ್ತು," ಎಂದಳು ಅವ್ವ, ಲೋಟಗಳನ್ನು ಒಂದೊಂದೇ ತೆಗೆದಿಡುತ್ತ, ಸಕ್ಕರೆ ಸಾಕಾ ಎಂದು ಕೇಳುವ ದನಿಯಲ್ಲೇ. "ನಿನ್ನ ಗಾಡಿ ಬರೋ ಹೊತ್ತಿಗೇ ಕೊಡ ತಗೊಂಡು ಬರ್ತಿದ್ದೆ. ನೀನು ಕೇಳ್ತೀಯ, ನಾನು ಹೂಂ ಅಂತೀನಿ ಅಂದ್ಕೊಂಡಿದ್ದೆ. ಹ್ಯಾಗನ್ನೋದು ಅಂತ ದಾರೀಲಿ ಅಭ್ಯಾಸ ಮಾಡ್ಕೊಂಡಿದ್ದೆ. ನೀನು ಕೇಳ್ಲೇ ಇಲ್ಲ. ಆ ಹೂಂ ನನ್ನ ಬಾಯಲ್ಲೇ ಉಳ್ಕೊಂಡ್ತು."

ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಒಳಗೆ ಹೋದಳು. ಸಹಬಾನನಿಗೆ ಇದ್ದಕ್ಕಿದ್ದಂತೆ ಗದ್ದೆಯಲ್ಲಿ ಕೆಲಸ ನೆನಪಾಯಿತು. ಅಪ್ಪ ಎದ್ದು ಹೋಗಿ ಕುದುರೆಯ ಮೈ ತಿಕ್ಕಿದ. ಬೆಳಿಗ್ಗೆಯೇ ತಿಕ್ಕಿದ್ದ ಮೈ ಅದು.

ಮರುದಿನ ಸಂತೆ. ರುಮೇನಾ ಮುಖ ತೊಳೆದು ಬರುವಾಗ ಅಂಗಳದಲ್ಲಿ ಗಾಡಿ ಕಟ್ಟಿ ನಿಂತಿತ್ತು. ಸೀಟಿಗೆ ಹೊಸ ಚಾಪೆ. ಚಕ್ರಕ್ಕೆ ಎಣ್ಣೆ. ಹಬ್ಬಕ್ಕೆ ಮಾತ್ರ ಕಟ್ಟುವ ಕೆಂಪು ಕುಚ್ಚು ಕುದುರೆಯ ಹಣೆಯ ಮೇಲೆ ತೂಗುತ್ತಿತ್ತು.

ಅಪ್ಪ ಕುದುರೆಯ ಕಿವಿಗೆ ಹೇಳಿದ: "ಇವತ್ತು ಮೊಂಟೋಂಗ್ ಮೇಲೆ ಹೋಗಿಬರೋಣ. ಗಿರಾಕಿ ಸಿಕ್ಕಿದ್ರೆ ಹತ್ತಿಸ್ಕೊಳೋದು. ಗಿರಾಕಿನ ಯಾಕೆ ಹೋಗ್ತೀರಿ ಅಂತ ಕೇಳೋ ಅಭ್ಯಾಸ ನಮಗಿಲ್ಲ."

ರುಮೇನಾ ಒಳಗೆ ಹೋಗಿ ಎರಡು ಜೊತೆ ಬಟ್ಟೆ, ತಗಡಿನ ಪೆಟ್ಟಿಗೆ ತೆಗೆದುಕೊಂಡಳು. ಮಹನಿಯ ತಲೆ ಸವರಿದಳು. ಮುಂಬಾಗಿಲ ಹೊಸ್ತಿಲು ದಾಟಿ, ಬಿಸಿಲು ಬಿದ್ದ ಅಂಗಳಕ್ಕಿಳಿದು, ಗಾಡಿಯ ಹತ್ತಿರ ಬಂದು ಕೇಳಿದಳು:

"ಗಾಡಿ ಮೊಂಟೋಂಗ್ ಕಡೆ ಹೋಗುತ್ತಾ?"

"ಹೋಗುತ್ತೆ. ನೀವೇ ಇಷ್ಟಪಟ್ಟು ಹೊರಟಿದೀರಾ?"

"ಹೂಂ."

"ಗಟ್ಟಿಯಾಗಿ ಹೇಳಿ. ಈ ಕುದುರೆಗೆ ಕಿವಿ ಸ್ವಲ್ಪ ಮಂದ."

"ಹೂಂ! ನಾನೇ ಇಷ್ಟಪಟ್ಟು ಹೊರಟಿದೀನಿ!"

ಎದುರು ಮನೆಯ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದ ಇಬ್ಬರು ಹೆಂಗಸರು ಮೊರ ನಿಲ್ಲಿಸಿದರು. ಅಪ್ಪ ಹಗ್ಗ ಹಿಡಿದು ಹತ್ತಿ ಕೂತ. ಹೊರಡಲಿಲ್ಲ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವನು ಅವಳ ಕಡೆ ತಿರುಗಿ, ಲಗಾಮನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಹೊಸಬನ ಹಾಗೆ ಗಂಟಲು ಸರಿಮಾಡಿಕೊಂಡ.

"ನೀನೂ ಬರ್ತೀಯಾ?" ಎಂದು ಕೇಳಿದ.

ಅವ್ವ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡಳು. ತಲೆಯ ವಸ್ತ್ರ ಸರಿಮಾಡಿಕೊಂಡಳು.

"ಹೂಂ," ಎಂದಳು.

ಅವಳು ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತಳು. ಗಾಡಿ ಸಂತೆಯ ನಟ್ಟನಡುವಿನಿಂದಲೇ ಹೋಯಿತು. ಬಳಸು ದಾರಿಯಿತ್ತು, ಅಪ್ಪ ಹಿಡಿಯಲಿಲ್ಲ. ಮೆಣಸಿನಕಾಯಿ ರಾಶಿಯ ಹಿಂದಿನಿಂದ ಯಾರೋ ಕೂಗಿದರು: "ಅಮಾಕ್ ರುಮೇನಾ, ಸಂಸಾರ ಸಮೇತ ಎಲ್ಲಿಗೆ?"

"ಗಿರಾಕಿ ಬಿಡೋಕೆ!"

"ಯಾರಪ್ಪಾ ಗಿರಾಕಿ?"

"ಮುಖ ನೋಡಿಲ್ಲ ಕಣಪ್ಪಾ, ನಂಗೆ ಹಿಂದೆ ಕಣ್ಣಿಲ್ಲ!"

ಸಂತೆಗೆ ಸಂತೆಯೇ ನಕ್ಕಿತು. ಕೆಲವು ನಗು ಒಳ್ಳೆಯವಲ್ಲ ಎಂಬುದು ಅಪ್ಪನಿಗೆ ಗೊತ್ತಾಯಿತು. ಮೊಂಟೋಂಗ್‌ನ ತಿರುವಿನಲ್ಲಿ ಜುಮಹೀರ್ ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದವನು, ಗಾಡಿಯಿಂದ ಇಳಿದವಳನ್ನು ನೋಡಿ ಟ್ಯೂಬನ್ನು ನೀರಿನಲ್ಲೇ ಮರೆತ. ಅಪ್ಪ ಅವನ ಕಡೆ ನೋಡದೆ ಗಾಡಿ ತಿರುಗಿಸಿದ.

"ಅಮಾಕ್, ಬಾಡಿಗೆ..." ಎಂದ ಜುಮಹೀರ್, ಏನು ಹೇಳಬೇಕೋ ತೋಚದೆ.

"ಎರಡು ಹುಂಜ ಕೊಡಬೇಕು ನೀನು ನಂಗೆ," ಎಂದ ಅಪ್ಪ.

ಮೂರನೆಯ ದಿನ ಮೊಂಟೋಂಗ್‌ನ ಹಿರಿಯರು ಗಂಭೀರವಾಗಿ ಬಂದು ಕಟ್ಟೆಯ ಮೇಲೆ ಕೂತರು. ನಿಮ್ಮ ಮಗಳು ನಮ್ಮ ಕೇರಿಯಲ್ಲಿ, ಜುಮಹೀರನ ಸೋದರತ್ತೆಯ ಮನೆಯಲ್ಲಿ ಕ್ಷೇಮವಾಗಿದ್ದಾಳೆ ಎಂದರು. ಅಪ್ಪ ಬೆಚ್ಚಿಬೀಳಲು ಪ್ರಯತ್ನಿಸಿದ. ಚೆನ್ನಾಗಿ ಬರಲಿಲ್ಲ. ಹಿರಿಯರಲ್ಲೊಬ್ಬರಿಗೆ ಕೆಮ್ಮು ಬಂತು, ಇನ್ನೊಬ್ಬರು ಮುಖವನ್ನು ಲೋಟದೊಳಗೆ ಅಡಗಿಸಿಕೊಂಡರು.

"ಕೈಹಿಡಿದು ಕೊಡೋಕೆ ನೀವೇ ಬರ್ತೀರಾ, ಇಲ್ಲಾ ಬೇರೆಯವರನ್ನ ಕೂರಿಸೋದಾ, ಕೇಳ್ಕೊಂಡು ಬನ್ನಿ ಅಂದಿದಾಳೆ ನಿಮ್ಮ ಮಗಳು," ಎಂದರು.

ಅಪ್ಪ ಒಳಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಅವ್ವ ಕಾಫಿ ತಟ್ಟೆ ಹಿಡಿದು ನಿಂತಿದ್ದಳು.

"ಕೇಳಿದಾಳಲ್ಲ," ಎಂದ. "ಕೇಳಿದ ಮೇಲೆ ಬರದೆ ಇರ್ತೀನಾ?"

ಕಟ್ಟೆಯ ಮೇಲಿನ ಹರಟೆಗಳಲ್ಲಿ ಅವನು ಬಹಳ ದಿನ ನಗೆಪಾಟಲಾದ. ಮಗಳನ್ನು ತಾನೇ ಕದ್ದು ಸಾಗಿಸಿದವನು ಎಂದು ಅಡ್ಡಹೆಸರು ಬಿತ್ತು. ಮೆರವಣಿಗೆಯಲ್ಲಿ ಚಪ್ಪಲಿ ಹಾಕಿದ ಮದುವಣಗಿತ್ತಿಯನ್ನು ನೋಡಿ ಇನ್ನಷ್ಟು ನಕ್ಕರು. ಹದಿನೈದರ ಹುಡುಗಿ ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದಾಗ ಯಾರಿಗೂ ಬಾರದಿದ್ದ ಮಾತು ಈಗ ಎಲ್ಲರಿಗೂ ಬಂತು.

ಆದರೆ ಅದೆಲ್ಲ ಆಮೇಲಿನದು. ಹಿರಿಯರು ಎದ್ದುಹೋದ ಆ ಸಂಜೆ ಅಪ್ಪ ಸುತ್ತಿಗೆ, ಮೊಳೆ ಹುಡುಕಿ ತೆಗೆದು, ಹಿತ್ತಲ ಬಾಗಿಲಿಗೆ ಹೊಸ ಅಗುಳಿ ಕೂರಿಸಿದ. ಹಲಸಿನ ಮರದ ಗಟ್ಟಿ ಅಗುಳಿ. ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ.

"ಹೋಗೋಳು ಹೋದ್ಳು," ಎಂದಳು ಅವ್ವ. "ಈಗ್ಯಾಕೆ ಅದು?"

ಅಪ್ಪ ಅಡುಗೆಮನೆಯ ದೀಪದಡಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದ ಮಹನಿಯ ಕಡೆ ನೋಡಲಿಲ್ಲ.

"ಕೋಳಿಗಳಿದಾವಲ್ಲ," ಎಂದ.